ಲೇನಾಳ ಬೂಟು

ಭದ್ರಾವತಿ ಬಸ್ಸಿನಲ್ಲಿ ಕೂತು ಬೆಳಗಿನದನ್ನು ಬರೆದಿಡುತ್ತಿದ್ದೇನೆ. ಶಿವಮೊಗ್ಗದ ರವೀಂದ್ರನಗರದಲ್ಲಿ ನಾನು ಉಳಿದದ್ದು ಗೆಳತಿ ಗಿರಿಜಾಳ ಮನೆಯಲ್ಲಿ. ಅವರ ಮಹಡಿಯಲ್ಲಿ ಲೇನಾ ಬಾಡಿಗೆಗಿದ್ದಾಳೆ. ನರ್ಸಿಂಗ್ ಓದಿದವರಿಗೆ ಜರ್ಮನ್ ಕಲಿಸಲು ಬಂದು, ತಾನೂ ಕನ್ನಡ ಕಲಿತಿರುವ ಜರ್ಮನಿಯ ಹುಡುಗಿ.

ಇಂದು ಡಿಸೆಂಬರ್ ಆರು. ಬಾಗಿಲು ತೆಗೆದರೆ ಹೊರಗೆ ಬಿಟ್ಟಿದ್ದ ನಮ್ಮ ಚಪ್ಪಲಿಗಳ ಮೇಲೆಲ್ಲ ಕಿತ್ತಳೆ, ಕಡಲೆಕಾಯಿ, ಚಾಕೊಲೇಟು. ಮನೆಯ ಅಜ್ಜಿ, ಗಿರಿಜಾಳ ಅತ್ತೆ, ಸಿಡುಕಿದರು.

“ತಿನ್ನೋದನ್ನ ಯಾರಾದ್ರೂ ಚಪ್ಪಲಿ ಮೇಲೆ ಇಡ್ತಾರಾ ಮಾರಾಯ್ತಿ?”

ಲೇನಾಳ ಮುಖ ಕೆಂಪಾಯಿತು. “ನಮ್ಮಲ್ಲಿ ಇವತ್ತು ಸಂತ ನಿಕೋಲಸ್ ಹಬ್ಬ, ಅಜ್ಜಿ. ರಾತ್ರಿ ಅವರು ಬಂದು ಮಕ್ಕಳ ಬೂಟಲ್ಲಿ ತಿಂಡಿ ಇಟ್ಟು ಹೋಗ್ತಾರೆ ಅಂತಾರೆ. ನಿಜವಾಗಿ ಇಡೋದು ಅಮ್ಮ. ಇಲ್ಲಿ ನಾನೇ ಎಲ್ಲರಿಗೂ ಇಟ್ಟೆ.”

ಸಾಲಿನ ಕೊನೆಯಲ್ಲಿದ್ದ ಅವಳ ಬೂಟನ್ನು ಅಜ್ಜಿ ಬಗ್ಗಿ ನೋಡಿದರು. “ನಿಂದ್ಯಾಕೆ ಖಾಲಿ?”

“ನಮ್ಮದಕ್ಕೆ ನಾವೇ ಇಟ್ಕೋಬಾರದು.”

ಅಜ್ಜಿ ಒಳಗೆ ಹೋದರು. ಬಾಳೆ ಎಲೆಯ ತುಂಡು ಮತ್ತು ಒಂದಿಷ್ಟು ಕೋಡುಬಳೆ ಹಿಡಿದು ಬಂದರು. ಎಲೆಯನ್ನು ಬೂಟಿನೊಳಗೆ ಹಾಸಿ, ಅದರ ಮೇಲೆ ಕೋಡುಬಳೆ ಇಟ್ಟರು. ಲೇನಾ ಕಣ್ಣೊರೆಸಿಕೊಳ್ಳುತ್ತ ಬೂಟಿನ ಮುಂದೆ ಕೂತಳು.

“ತಗೋ,” ಎಂದರು ಅಜ್ಜಿ. “ಕೈ ತೊಳ್ಕೊಂಡು ತಿನ್ನು.”