ಬೂದಿಯ ಮೇಲಿನ ವೃತ್ತ

ಚಳ್ಳಕೆರೆಯ ಸ್ಕೂಲಿನಲ್ಲಿ ನಾನು ಡ್ರಾಯಿಂಗ್ ಮೇಷ್ಟ್ರಾಗಿದ್ದ ಕಾಲದ ಮಾತು ಇದು. ಹುಡುಗರ ಪಾಲಿಗೆ ನಾನು ಯಮ. ಸ್ಲೇಟಿನ ಮೇಲಿನ ಗೆರೆ ಕೂದಲೆಳೆಯಷ್ಟು ಸೊಟ್ಟಗಾದರೂ ಅಂಗೈ ಮೇಲೆ ರೂಲುದೊಣ್ಣೆ ಬೀಳುತ್ತಿತ್ತು. ಮುಂಗೋಪ ನನಗೆ ಹುಟ್ಟಿನಿಂದ ಬಂದದ್ದು, ಅದನ್ನು ಮುಚ್ಚಿಡುವುದಿಲ್ಲ. ಬಳ್ಳಾರಿ ದಂಡಿನಲ್ಲಿದ್ದ ಬಿಳಿಯ ದೊರೆಯೊಬ್ಬ ತನ್ನ ಸೀಮೆಗೆ ಹಿಂತಿರುಗುವಾಗ ಬಿಟ್ಟುಹೋದ ಕ್ಯಾಮೆರಾ ಹೇಗೋ ಕೈಯಿಂದ ಕೈಗೆ ದಾಟಿ ನನ್ನ ಪಾಲಿಗೆ ಬಂದಿತ್ತು. ಮೂರು ಕಾಲಿನ ಮೇಲೆ ನಿಲ್ಲುವ ಮರದ ಪೆಟ್ಟಿಗೆ, ಒಂದೊಂದು ಚಿತ್ರಕ್ಕೆ ಒಂದೊಂದು ಗಾಜಿನ ಪ್ಲೇಟು. ಊರಲ್ಲಿ ಅಂಥದ್ದು ಇನ್ನೊಂದಿರಲಿಲ್ಲ. ಹಾಗಾಗಿ ಜಂಬವೂ ಇತ್ತು.

ಬೆಂಗಳೂರಿನಲ್ಲಿ ಡ್ರಾಯಿಂಗ್ ಪರೀಕ್ಷಕರೊಬ್ಬರಿದ್ದರು. ಹಳ್ಳಿಯ ಮಕ್ಕಳಿಗೆ ರೇಖಾಗಣಿತ ತಲೆಗೆ ಹತ್ತಬೇಕಾದರೆ ಮನೆಯಲ್ಲಿ ದಿನಾ ಕಾಣುವ ಸಾಮಾನಿನಲ್ಲೇ ಅದನ್ನು ತೋರಿಸಬೇಕು ಎನ್ನುವುದು ಅವರ ವಾದ. ಚೌಕ, ತ್ರಿಕೋನ, ವೃತ್ತ, ಶಂಕು ಹೀಗೆ ಹನ್ನೆರಡು ಆಕಾರಗಳಿಗೆ ಹನ್ನೆರಡು ಫೋಟೋ ತೆಗೆದು ಕಳಿಸಿ, ಒಪ್ಪಿಗೆಯಾದರೆ ಎಲ್ಲಾ ಶಾಲೆಗಳ ಗೋಡೆಗೂ ಹೋಗುತ್ತವೆ ಎಂದು ನನಗೆ ಬರೆದರು. ನಾನು ಊಟ ನಿದ್ದೆ ಬಿಟ್ಟು ಕೂತೆ. ಮಡಿಸಿಟ್ಟ ಕಂಬಳಿ ಚೌಕವಾಯಿತು. ರಾಗಿ ರಾಶಿ ಶಂಕುವಾಯಿತು. ಒಲೆಯ ಮೂರು ಗುಂಡನ್ನು ಸೇರಿಸಿದರೆ ತ್ರಿಕೋನ. ಒನಕೆ, ಸೇರು, ಬಾಗಿಲುವಾಡ, ಒಂದನ್ನೂ ಬಿಡಲಿಲ್ಲ.

ಪರೀಕ್ಷಕರು ಪ್ರತಿ ಫೋಟೋದ ಬೆನ್ನಿಗೆ ಕೆಂಪು ಶಾಯಿಯಲ್ಲಿ ಅಭಿಪ್ರಾಯ ಬರೆದು ಹಿಂದಕ್ಕೆ ಕಳಿಸುತ್ತಿದ್ದರು. ಹನ್ನೊಂದು ಹೇಗೋ ಪಾಸಾದವು. ವೃತ್ತ ಮಾತ್ರ ಮೂರು ಸಲವೂ ವಾಪಸ್ ಬಂತು. ಬೀಸುವ ಕಲ್ಲಿನ ಸುತ್ತ ಹಿಟ್ಟು ಬಿದ್ದಿದೆ ಎಂದರು. ಜರಡಿಗೆ ತೌಡು ಅಂಟಿದೆ ಎಂದರು. ರೊಟ್ಟಿಯ ಹಂಚಿನಲ್ಲಿ ಕಲೆ ಕಂಡಿತು ಅವರಿಗೆ. ಮೂರನೆಯದರ ಬೆನ್ನಿಗೆ ಬರೆದದ್ದು ಈಗಲೂ ಬಾಯಿಗೆ ಬರುತ್ತದೆ: "ಕಲೆ, ಗೀರು, ಧೂಳು ಇದ್ದರೆ ಮಗುವಿನ ಕಣ್ಣು ಅಲ್ಲಿಗೇ ಹೋಗುತ್ತದೆ. ಆಕಾರವೊಂದೇ ಕಾಣಬೇಕು. ಉಳಿದುದನ್ನು ಅಳಿಸಿ." ಹಿಟ್ಟಿಲ್ಲದ ಬೀಸುವ ಕಲ್ಲು ಯಾವ ಮನೆಯಲ್ಲಿರುತ್ತದೆ ಎಂದು ಕಾಗದ ಹಿಡಿದು ಕೂಗಾಡಿದೆ. ಆದರೆ ಒಳಗೊಳಗೆ ಅವರು ಹೇಳುವುದು ಸರಿಯೆನಿಸಿತು. ನಾನೂ ಹುಡುಗರಿಗೆ ಹೇಳುತ್ತಿದ್ದುದು ಅದನ್ನೇ.

ಅದೇ ವರ್ಷ ಪ್ಲೇಗು ಬಂತು. ಮೊಳಕಾಲ್ಮುರುವಿನಲ್ಲಿ ರೇಷ್ಮೆ ಸೀರೆ ನೇಯುವ ಮನೆಗೆ ನನ್ನ ತಂಗಿಯನ್ನು ಕೊಟ್ಟಿದ್ದೆವು. ಅವಳಿಗೆ ಒಬ್ಬಳೇ ಮಗಳು, ಎಂಟು ವರ್ಷ. ಊರಿಗೂರೇ ಬಯಲಲ್ಲಿ ಗುಡಿಸಲು ಹಾಕಿಕೊಂಡಿತ್ತು. ಪಿಡುಗು ಇಳಿಯಿತು, ಇನ್ನೇನು ಮನೆಗೆ ಮರಳಬೇಕು ಅನ್ನುವಾಗ ಮಗುವಿನ ಕಂಕುಳಲ್ಲಿ ಗಡ್ಡೆ ಕಾಣಿಸಿತು. ಕಾಯಿಲೆಯವರನ್ನು ಬೇರೆ ತಡಿಕೆ ಗುಡಿಸಲಲ್ಲಿ ಇಡುತ್ತಿದ್ದರು, ಒಳಗೆ ಯಾರನ್ನೂ ಬಿಡುತ್ತಿರಲಿಲ್ಲ. ಎರಡು ದಿನ ಮಗು ಒಳಗಿನಿಂದ ಮನೆಗೆ ಹೋಗೋಣ ಬಾರವ್ವ ಎಂದು ಕೂಗಿತಂತೆ. ತಂಗಿ ಹೊರಗೆ ತಡಿಕೆಗೆ ಕೈ ಹಚ್ಚಿಕೊಂಡು ಕೂತಿದ್ದಳಂತೆ. ಮೂರನೆಯ ದಿನ ಕೂಗು ನಿಂತಿತು.

ನಮ್ಮ ಕಡೆ ಒಂದು ಪದ್ಧತಿಯುಂಟು. ಸತ್ತವರ ದಿನ ಮಾಡುವ ಹಿಂದಿನ ಸಂಜೆ, ಅವರು ಮಲಗುತ್ತಿದ್ದ ಜಾಗದಲ್ಲಿ ಜರಡಿ ಹಿಡಿದ ಬೂದಿಯನ್ನು ತೆಳ್ಳಗೆ ಹರಡಿ ಮೇಲೆ ಬುಟ್ಟಿ ಕವುಚಿಡುತ್ತಾರೆ. ಬೆಳಗ್ಗೆ ಎಲ್ಲರೂ ಮಿಂದು ಬಂದು ಬುಟ್ಟಿ ಎತ್ತುತ್ತಾರೆ. ಬೂದಿಯಲ್ಲಿ ಒಂದು ಗುರುತು ಮೂಡಿದ್ದರೆ ಹೋದವರು ಮನೆಗೆ ಬಂದು ಹೋದರು, ಇನ್ನು ಅವರಿಗೆ ನೆಮ್ಮದಿ ಎಂದು ಲೆಕ್ಕ. ಏನೂ ಇಲ್ಲದಿದ್ದರೆ ಸತ್ತಲ್ಲೇ ಅಲೆಯುತ್ತಿದ್ದಾರೆ ಎಂದು. ಅಷ್ಟು ಚಿಕ್ಕ ಮಕ್ಕಳಿಗೆ ಇದನ್ನೆಲ್ಲ ಮಾಡುವುದಿಲ್ಲ. ತಂಗಿಯ ಅತ್ತೆಯೂ ಬೇಡವೆಂದರು. ತಂಗಿ ಅನ್ನ ನೀರು ಬಿಟ್ಟು ಹಟ ಹಿಡಿದಳು. ಮಗು ಆ ಗುಡಿಸಲಿನಿಂದ ಮನೆಗೆ ಬಂತೋ ಇಲ್ಲವೋ, ಅವಳಿಗೆ ಅದೊಂದು ಗೊತ್ತಾಗಬೇಕಿತ್ತು.

ತಂಗಿಯ ಮನೆಯಿಂದ ಕಾಗದ ಬಂದೊಡನೆ ನಾನು ಗಾಡಿ ಕಟ್ಟಿಸಿ ತಳಕಿನ ದಾರಿ ಹಿಡಿದೆ. ಹೇಳಲು ನಾಚಿಕೆಯಾಗುತ್ತದೆ, ಕ್ಯಾಮೆರಾವನ್ನೂ ಕಂಬಳಿಯಲ್ಲಿ ಸುತ್ತಿ ಗಾಡಿಯಲ್ಲಿಟ್ಟುಕೊಂಡಿದ್ದೆ. ಮೊಳಕಾಲ್ಮುರುವಿನ ಮಗ್ಗದಲ್ಲಿ, ರಾಟೆಯಲ್ಲಿ ನನ್ನ ವೃತ್ತ ಸಿಕ್ಕೀತು ಎಂಬ ಆಸೆ.

ದಿನ ಮಾಡುವ ಬೆಳಗ್ಗೆ ಎಲ್ಲರೂ ಬಾವಿಯ ಹತ್ತಿರ ಮೀಯಲು ಹೋಗಿದ್ದರು. ನಾನು ಮೊದಲೇ ಮುಗಿಸಿ ಬಂದಿದ್ದೆ. ಮೂಡಲ ಬಾಗಿಲಿಂದ ಎಳೆಬಿಸಿಲು ಓರೆಯಾಗಿ ಬಂದು ಮಗ್ಗದ ಗುಂಡಿಯ ಪಕ್ಕ ಬುಟ್ಟಿಯ ಮೇಲೆ ಬಿದ್ದಿತ್ತು. ಕೆಮ್ಮಣ್ಣು ಸಾರಿಸಿದ ನೆಲ, ನಡುವೆ ಬಿಳಿಬೂದಿ. ಅಡಿಯಲ್ಲಿ ನನ್ನ ವೃತ್ತವಿರಬಹುದು ಎಂದು ಹೊಳೆದು ಬುಟ್ಟಿಯನ್ನು ಎರಡೂ ಕೈಯಿಂದ ನೇರವಾಗಿ ಎತ್ತಿ ಪಕ್ಕಕ್ಕಿಟ್ಟೆ. ಅದರ ಅಂಚು ಬೂದಿಯಲ್ಲಿ ಒತ್ತಿದ ಗೆರೆ ಕೈವಾರದಲ್ಲಿ ಎಳೆದಂತಿತ್ತು. ಅಂಥ ವೃತ್ತ ನಾನು ಕಂಡೇ ಇರಲಿಲ್ಲ. ಯಾರ ಮನೆ, ಯಾಕೆ ಬಂದಿದ್ದೇನೆ, ಎಲ್ಲಾ ಮರೆತೆ. ಪೆಟ್ಟಿಗೆ ನಿಲ್ಲಿಸಿ, ಬಟ್ಟೆ ಹೊದ್ದು, ಒಂದು ಪ್ಲೇಟು ತೆಗೆದೆ.

ಬಟ್ಟೆ ಸರಿಸಿ ನೋಡಿದಾಗ ಕಂಡಿತು. ವೃತ್ತದ ಒಳಗೆ, ನಡುವಿಗಿಂತ ತುಸು ಈಚೆಗೆ, ಬೂದಿ ಕದಡಿತ್ತು. ಒಂದು ಸಣ್ಣ ತಗ್ಗು, ಅದರ ಮುಂದೆ ನಾಲ್ಕೋ ಐದೋ ಚುಕ್ಕೆ. ಇಲಿ ಓಡಾಡಿರಬೇಕು ಅಂದುಕೊಂಡೆ. ಪ್ಲೇಗಿಗೆ ಸಿಕ್ಕಿ ಆ ಊರಿನಲ್ಲಿ ಇಲಿಯೊಂದೂ ಉಳಿದಿರಲಿಲ್ಲ ಎನ್ನುವುದು ಆಗ ಹೊಳೆಯಲಿಲ್ಲ. ತಲೆಯಲ್ಲಿದ್ದುದು ಕೆಂಪು ಶಾಯಿಯ ಮಾತು. ಹೆಗಲ ಮೇಲಿನ ವಲ್ಲಿಯ ತುದಿಯಿಂದ ಬೂದಿಯನ್ನು ಮೆಲ್ಲಗೆ ಸವರಿ ಮಟ್ಟ ಮಾಡಿದೆ. ಇನ್ನೊಂದು ಪ್ಲೇಟು ತೆಗೆದೆ. ಬುಟ್ಟಿಯನ್ನು ಅದರ ಗೆರೆಯ ಮೇಲೇ ಮತ್ತೆ ಕವುಚಿ, ಕ್ಯಾಮೆರಾ ಒಳಗಿಟ್ಟು, ಜಗಲಿಯಲ್ಲಿ ಕೂತೆ.

ಅತ್ತೆಯೇ ಬುಟ್ಟಿ ಎತ್ತಿದರು. ತಂಗಿ ಒದ್ದೆ ಸೀರೆಯಲ್ಲೇ ನೆಲಕ್ಕೆ ಬಗ್ಗಿ, ಮುಖ ಬೂದಿಗೆ ತಾಗುವಷ್ಟು ಹತ್ತಿರ ಹೋಗಿ ನೋಡಿದಳು. ಆ ಕಡೆಯಿಂದ ನೋಡಿದಳು, ಈ ಕಡೆಯಿಂದ ನೋಡಿದಳು. ಆ ಮನೆಯಲ್ಲಿ ಅರ್ಧ ತೆಲುಗು ಅರ್ಧ ಕನ್ನಡ, ಮಗುವಿಗೆ ಬಿಡ್ಡ ಎನ್ನುತ್ತಿದ್ದರು. ಅತ್ತೆ ನಿಟ್ಟುಸಿರು ಬಿಟ್ಟು, "ಬಿಡ್ಡ ಬರ್ಲಿಲ್ಲ ಕಣಮ್ಮ. ಅಲ್ಲೇ ಐತೆ," ಎಂದರು. ತಂಗಿ ಅಳಲಿಲ್ಲ. ಎದ್ದು, ಬಾಗಿಲು ದಾಟಿ, ಗುಡಿಸಲುಗಳಿದ್ದ ಬಯಲಿನ ಕಡೆ ನಡೆದುಬಿಟ್ಟಳು.

ಆಗ ಬಾಯಿ ಬಿಡಬೇಕಿತ್ತು. ಒಂದೇ ಮಾತು ಸಾಕಿತ್ತು. ನನಗೆ ಈ ನಂಬಿಕೆಗಳಿಲ್ಲ, ಇಲಿಯ ಹೆಜ್ಜೆಯನ್ನು ಮಗಳೆಂದು ಅವಳು ನಂಬಿದರೆ ಅದು ಮೋಸವಾದೀತು ಎಂದು ನನಗೆ ನಾನೇ ಹೇಳಿಕೊಂಡೆ. ಅದು ಶುದ್ಧ ಸುಳ್ಳು. ನಾನು ಹೆದರಿದ್ದೆ, ಅಷ್ಟೇ.

ಚಳ್ಳಕೆರೆಗೆ ಬಂದು ಪ್ಲೇಟುಗಳನ್ನು ಮದ್ದುನೀರಿನಲ್ಲಿ ತೊಳೆದು ಚಿತ್ರ ಮೂಡಿಸಿದೆ. ಎರಡನೆಯದರ ಪ್ರತಿ ತೆಗೆದು ಬೆಂಗಳೂರಿಗೆ ಕಳಿಸಿದೆ. ಗುರುತಿದ್ದ ಮೊದಲನೆಯದನ್ನು ದೀಪಕ್ಕೆ ಹಿಡಿದು ಸರಿಯಾಗಿ ನೋಡಲೂ ಇಲ್ಲ. ಕೆಟ್ಟ ಪ್ಲೇಟುಗಳನ್ನು ಸೋಡ ಹಾಕಿದ ಬಿಸಿನೀರಿನಲ್ಲಿ ನೆನೆಸಿ, ಕೆರೆದು, ಬರೀ ಗಾಜು ಮಾಡಿಟ್ಟುಕೊಳ್ಳುವುದು ನನ್ನ ರೂಢಿ. ಅದನ್ನೂ ಹಾಗೇ ಕೆರೆದೆ. ಕೋಣೆಯ ಕಿಟಕಿಯ ಒಂದು ಚೌಕಕ್ಕೆ ಗಾಜು ಒಡೆದಿತ್ತು, ಅಲ್ಲಿಗೆ ಸರಿಯಾಗಿ ಕೂತಿತು.

ಹದಿನೈದು ದಿನಕ್ಕೆ ಉತ್ತರ ಬಂತು. ಕೆಂಪು ಶಾಯಿ ಇರಲಿಲ್ಲ, ಕಪ್ಪು ಶಾಯಿ. ಹನ್ನೆರಡರಲ್ಲೂ ಇದೇ ಉತ್ತಮ, ಕೊನೆಗೂ ಕಲಿತಿರಿ ಎಂದು ಬರೆದಿದ್ದರು. ಆ ಕಾಗದವನ್ನು ನಾನು ಹೆಡ್ ಮೇಷ್ಟರಿಗೂ ತೋರಿಸಿದೆ.

ತಂಗಿಯ ಸುದ್ದಿ ಆಗಾಗ ಬರುತ್ತಿತ್ತು. ಗುಡಿಸಲುಗಳನ್ನು ಸುಟ್ಟುಹಾಕಿದ ಮೇಲೂ ದಿನಾ ಸಂಜೆ ಆ ಬಯಲಿಗೆ ಹೋಗಿ, ಮನೆಗೆ ಹೋಗೋಣ ಬಾ ಎಂದು ಮಗಳನ್ನು ಕರೆಯುತ್ತಾಳಂತೆ. ದೇವಸಮುದ್ರದ ಕಡೆಯಿಂದ ಕುರಿ ಹೊಡೆದುಕೊಂಡು ಬರುವವರು ಅವಳನ್ನು ಕಂಡರೆ ದಾರಿ ಬಳಸಿ ಹೋಗುತ್ತಾರಂತೆ. ಇದನ್ನು ಕೇಳಿದಾಗಲೆಲ್ಲ ನಾಳೆಯೇ ಹೋಗಿ ಹೇಳಿಬಿಡುತ್ತೇನೆ ಎಂದುಕೊಳ್ಳುತ್ತಿದ್ದೆ. ಆ ನಾಳೆ ಬರಲಿಲ್ಲ.

ಆರು ತಿಂಗಳ ಮೇಲೆ ಅವಳೇ ಚಳ್ಳಕೆರೆಗೆ, ನಾನೂ ಅವ್ವನೂ ಇದ್ದ ತವರಿಗೆ ಬಂದಳು. ಸೊರಗಿ ಕಡ್ಡಿಯಾಗಿದ್ದಳು. ಅವ್ವ ಅವಳ ಮನಸ್ಸು ಬೇರೆ ಕಡೆ ಹೊರಳಲಿ ಎಂದು, ಬೆಂಗಳೂರಿನವರು ಮೆಚ್ಚಿದ ಚಿತ್ರಗಳನ್ನೆಲ್ಲ ತಂದು ಅವಳ ಮುಂದೆ ಹರಡಿದಳು. ತಡೆಯಲು ನನಗೆ ಕಾರಣ ಸಿಗಲಿಲ್ಲ. ಕಂಬಳಿ ನೋಡಿದಳು, ರಾಗಿ ರಾಶಿ ನೋಡಿದಳು. ಹನ್ನೆರಡನೆಯದಕ್ಕೆ ಬಂದಾಗ ಅವಳ ಕೈ ನಿಂತಿತು. ಚಿತ್ರದ ಮೂಲೆಯಲ್ಲಿ ಕಾಣುತ್ತಿದ್ದ ಮಗ್ಗದ ಗುಂಡಿಯ ಅಂಚನ್ನು, ನಾನು ಪಕ್ಕಕ್ಕಿಟ್ಟಿದ್ದ ಬುಟ್ಟಿಯ ಬಿಚ್ಚಿದ ಹೆಣಿಗೆಯನ್ನು ಬೆರಳಿಟ್ಟು ಮುಟ್ಟಿದಳು. ಅವ್ವ ಒಳಗೆ ಹೋಗುವವರೆಗೆ ಕಾದಳು.

"ಅಣ್ಣ, ನೀನು ಬುಟ್ಟಿ ಎತ್ತಿದಾಗ ಒಳಗೆ ಏನಾದ್ರೂ ಇತ್ತಾ?"

ಎಲ್ಲವನ್ನೂ ಹೇಳಿದೆ. ಮೊದಲ ಪ್ಲೇಟು, ತಗ್ಗು, ಚುಕ್ಕೆ, ವಲ್ಲಿ. ಇಲಿಯೂ ಇರಬಹುದು ಎಂದು ಸೇರಿಸಿದೆ, ಅದನ್ನು ಅವಳು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಬಯ್ಯುತ್ತಾಳೆ ಎಂದು ಕಾದೆ, ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಮೊದಲನೇ ಚಿತ್ರ ಎಲ್ಲೈತೆ ಎಂದಷ್ಟೇ ಕೇಳಿದಳು. ಕೆರೆದುಬಿಟ್ಟೆ ಎಂದು ಹೇಳಿ ಕಿಟಕಿಯ ಗಾಜಿನ ಕಡೆ ಕೈ ತೋರಿಸಿದೆ.

ಅವಳು ಎದ್ದು ಹೋಗಿ ಗಾಜಿನ ಎದುರು ನಿಂತಳು. ಆಚೆ ಬೀದಿ, ಬೇವಿನ ಮರ, ನೀರು ಹೊತ್ತು ಹೋಗುವ ಹೆಂಗಸರು ಎಲ್ಲಾ ಸ್ಪಷ್ಟವಾಗಿ ಕಾಣುತ್ತಿತ್ತು. ಅಷ್ಟು ಚೊಕ್ಕಟವಾಗಿ ಕೆರೆದಿದ್ದೆ.

"ಇದನ್ನ ಬಿಚ್ಚಿಕೊಡು," ಎಂದಳು.

ಮೊಳೆ ಕಿತ್ತು ಗಾಜನ್ನು ಬಿಡಿಸಿಕೊಟ್ಟೆ. ಅವಳು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ಗಾಡಿಯಲ್ಲಿ ಮಡಿಲ ಮೇಲಿಟ್ಟುಕೊಂಡು ಮಾರನೆಯ ದಿನವೇ ಹೊರಟಳು. ಮಗು ಮಲಗುತ್ತಿದ್ದ ಜಾಗದಲ್ಲಿ ಅದನ್ನು ಗೋಡೆಗೆ ಒರಗಿಸಿ ಇಟ್ಟಿದ್ದಾಳೆ, ಬೆಳಗ್ಗೆ ಎದ್ದು ಸೆರಗಿನಿಂದ ಒರೆಸುತ್ತಾಳೆ ಎಂದು ಅವಳ ಅತ್ತೆ ಹೇಳಿ ಕಳಿಸಿದರು. ಅಂದಿನಿಂದ ತಂಗಿ ಬಯಲಿಗೆ ಹೋಗಲಿಲ್ಲ. ನನ್ನ ಮನೆಗೂ ಬರಲಿಲ್ಲ.