ವಾದಿರಾಜ ರಾಯರ ಹೆಸರಿಗೆ ಬಿದ್ದ ತಪ್ಪು

ವಾದಿರಾಜ ರಾಯರು ಗಿರಾಕಿಯ ಮುಖಕ್ಕಿಂತ ಮೊದಲು ಅವನ ಕಿವಿ ನೋಡುತ್ತಿದ್ದರು. ಕಿವಿ ದೊಡ್ಡದೋ ಚಿಕ್ಕದೋ, ತಲೆಗೆ ಅಂಟಿಕೊಂಡಿದೆಯೋ ಹೊರಗೆ ಚಾಚಿದೆಯೋ, ಕನ್ನಡಕದ ಕಡ್ಡಿ ದಪ್ಪವೋ ಸಪೂರವೋ, ಇಷ್ಟನ್ನು ಕಣ್ಣಲ್ಲೇ ಅಳೆದ ಮೇಲೆ "ಬನ್ನಿ, ಕೂತ್ಕೊಳ್ಳಿ" ಎಂಬ ಮಾತು. ತ್ರಿಪ್ಲಿಕೇನಿನಲ್ಲಿ ಅವರ ಅಣ್ಣ ನಡೆಸುತ್ತಿದ್ದ ಮೆಸ್ಸಿನ ಮಹಡಿಯಲ್ಲಿ ಒಂದೇ ಕೋಣೆಯ ಅಂಗಡಿ. ಸ್ವಂತ ಸಣ್ಣ ವಿಮಾನ ಹಾರಿಸುವವರಿಗೆ ಬೇಕಾದ ಹೆಡ್‌ಸೆಟ್ಟು, ಕೈಯಲ್ಲಿ ಹಿಡಿಯುವ ಜಿಪಿಎಸ್ಸು, ಇವೆರಡೇ ಅಲ್ಲಿನ ಸರಕು. ನಾನು ವಿಮಾ ಕಚೇರಿಯ ನೌಕರ. ಕೆಳಗೆ ಊಟಕ್ಕೆ ಬಂದವನು ಕುತೂಹಲಕ್ಕೆ ಮೆಟ್ಟಿಲು ಹತ್ತಿ, ತೊಂಬತ್ತರ ದಶಕದ ಕೊನೆಯ ವರ್ಷಗಳ ಶನಿವಾರಗಳನ್ನೆಲ್ಲ ಅಲ್ಲೇ, ಅವರ ಕೆಲಸಕ್ಕೆ ಕೈಜೋಡಿಸುತ್ತ ಕಳೆದೆ. ರಾಯರನ್ನು ಹೊಗಳಿ ಬರೆಯುವುದು ಸುಲಭ. ಆದರೆ ನಾನು ಅವರಿಗೆ ಮಾಡಿದ್ದನ್ನು ಬಿಟ್ಟು ಬರೆದರೆ ಅದು ಇನ್ನೊಂದು ಮೋಸವಾಗುತ್ತದೆ.

ಅವರು ಉಡುಪಿ ಕಡೆಯವರು. ಹೋಟೆಲಿನ ಮನೆತನದಲ್ಲಿ ಹುಟ್ಟಿಯೂ ಮೀನಂಬಾಕ್ಕದಲ್ಲಿ ವಿಮಾನದ ರೇಡಿಯೊ ರಿಪೇರಿಗೆ ಸೇರಿದ್ದರು. ಎಂಜಿನ್ನುಗಳ ಪಕ್ಕದಲ್ಲಿ ಇಪ್ಪತ್ತು ವರ್ಷ ಬರಿಗಿವಿಯಲ್ಲಿ ದುಡಿದು ಎಡಗಿವಿಯನ್ನು ಕಳೆದುಕೊಂಡಿದ್ದರು. ಹಾಗಾಗಿ ಬೇರೆಯವರ ಕಿವಿಯ ಮೇಲೆ ಅವರಿಗೆ ಹೆತ್ತವರ ಕಾಳಜಿ. ಎಂಥ ಸಾಹುಕಾರ ಬಂದರೂ ಹೆಡ್‌ಸೆಟ್ ತೊಡಿಸಿ, ಕೆಳಗಿನ ಅಡುಗೆಮನೆಗೆ ಕರೆದೊಯ್ದು, ಹಿಟ್ಟು ರುಬ್ಬುವ ಎರಡು ಗ್ರೈಂಡರುಗಳ ನಡುವೆ ಸ್ಟೂಲು ಹಾಕಿ ಒಂದು ಗಂಟೆ ಕೂರಿಸುತ್ತಿದ್ದರು. "ಹತ್ತು ನಿಮಿಷಕ್ಕೆ ಎಲ್ಲ ಹೆಡ್‌ಸೆಟ್ಟೂ ಹತ್ತಿಯೇ ಮಾರಾಯ. ಒಂದು ಗಂಟೆಗೆ ಯಾವುದು ಕಲ್ಲಾಗ್ತದೆ ಅಂತ ನೋಡ್ಬೇಕು" ಎನ್ನುತ್ತಿದ್ದರು. ಇಸ್ತ್ರಿ ಮಾಡಿದ ಪ್ಯಾಂಟಿಗೆ ಇಡ್ಲಿ ಹಿಟ್ಟು ಸಿಡಿಸಿಕೊಂಡು ಗೊಣಗಿದವರೂ ಕೊನೆಗೆ ಅವರಲ್ಲಿಗೇ ಬರುತ್ತಿದ್ದರು.

ಜಿಪಿಎಸ್ಸಿನ ಪರೀಕ್ಷೆ ಆಟೋದಲ್ಲಿ. ಗುಂಡಿ ಬಿದ್ದ ರಸ್ತೆಯಲ್ಲಿ ಆಟೋ ಕುಲುಕುವಾಗ ಸರಿಯಾದ ಬಟನ್ ಒತ್ತಲಾಗದವನಿಗೆ ಆ ಮಾದರಿಯನ್ನು ಕೊಡುತ್ತಿರಲಿಲ್ಲ. ಮಧ್ಯಾಹ್ನದ ಬಿಸಿಲಿಗೆ ತಾರಸಿ ಹತ್ತಿಸಿ ಪರದೆ ಓದಿಸುತ್ತಿದ್ದರು. ಇಷ್ಟಾದ ಮೇಲೂ ಒಂದು ಎಚ್ಚರಿಕೆ: "ಮೊದಲು ಕಿಟಕಿ, ಆಮೇಲೆ ಮ್ಯಾಪು, ಇದು ಕಡೆಗೆ. ಇದು ದಾರಿ ಹೇಳ್ತದೆ, ನಡುವೆ ಗುಡ್ಡ ಉಂಟು ಅಂತ ಹೇಳುದಿಲ್ಲ."

ಖಾಸಗಿ ರನ್‌ವೇಗಳು ಆ ಯಂತ್ರದೊಳಗೆ ಇರುತ್ತಿರಲಿಲ್ಲ. ಅವು ಇರುವ ಜಾಗವನ್ನು ಅಂಕಿಗಳಲ್ಲಿ ನಾವೇ ತುಂಬಿಸಿ ಕೊಡಬೇಕು. ಗಿರಾಕಿ ತರುವ ಹಾಳೆಯಲ್ಲಿ ಡಿಗ್ರಿ, ನಿಮಿಷ, ಸೆಕೆಂಡು ಎಂದಿರುತ್ತಿತ್ತು. ಯಂತ್ರಕ್ಕೆ ಸೆಕೆಂಡು ಗೊತ್ತಿಲ್ಲ, ನಿಮಿಷದ ಭಾಗ ಬೇಕು. ಮೂವತ್ತು ಸೆಕೆಂಡು ಎಂದರೆ ಅರ್ಧ ನಿಮಿಷ, ಅಂದರೆ ಪಾಯಿಂಟ್ ಐದು. ಅರುವತ್ತರಿಂದ ಭಾಗಿಸದೆ ಪಾಯಿಂಟ್ ಮೂವತ್ತು ಎಂದು ಒತ್ತಿದರೆ ಯಂತ್ರ ಚಕಾರ ಎತ್ತದೆ ಒಪ್ಪಿಕೊಂಡು ಬೇರೆ ಜಾಗ ತೋರಿಸುತ್ತದೆ. ಹಾಳೆಗೂ ಪರದೆಗೂ ತಾಳೆ ನೋಡಿದರೆ ಅಂಕಿಗಳು ಒಂದೇ ಇರುವುದರಿಂದ ತಪ್ಪು ಸಿಕ್ಕುವುದಿಲ್ಲ. ಆದ್ದರಿಂದ ರಾಯರು ಯಾರು ತುಂಬಿಸಿದರೂ ತಾವೇ ಕೂತು ಮತ್ತೊಮ್ಮೆ ಲೆಕ್ಕ ಮಾಡುತ್ತಿದ್ದರು.

ಒಂದು ಶನಿವಾರ ಷಣ್ಮುಗಂ ಎಂಬ ಗಿರಣಿ ಮಾಲೀಕರ ಜಿಪಿಎಸ್ ತುಂಬಿಸುವುದಿತ್ತು. ಗಿರಣಿಯ ಹತ್ತಿರ ಗುಡ್ಡದ ಮಗ್ಗುಲಲ್ಲೇ ಅವರದೊಂದು ರನ್‌ವೇ. ರಾಯರು ಕೆಳಗೆ ಇನ್ನೊಬ್ಬ ಗಿರಾಕಿಯನ್ನು ಗ್ರೈಂಡರಿನ ಪಕ್ಕ ಕೂರಿಸಿದ್ದರು. ನೀನೇ ಹಾಕಿಡು ಎಂದು ನನಗೆ ಹೇಳಿದ್ದರು. ನನಗೆ ಮಾಧವರಂನ ಅಕ್ಕನ ಮನೆಗೆ ಹೋಗುವ ಬಸ್ಸಿನ ಅವಸರ. ಹಾಳೆಯಲ್ಲಿದ್ದುದನ್ನು ಇದ್ದ ಹಾಗೆಯೇ ಒತ್ತಿಬಿಟ್ಟೆ. ಕೆಲವು ಸೆಕೆಂಡಿನ ವ್ಯತ್ಯಾಸಕ್ಕೆ ಏನು ಮುಳುಗಿಹೋಗುತ್ತದೆ ಎಂಬ ಉಡಾಫೆ. ಇಳಿಯುವಾಗ ರಾಯರು ಮೆಟ್ಟಿಲಲ್ಲಿ ಎದುರಾದರು.

"ಅರ್ವತ್ತರಿಂದ ಭಾಗಿಸಿದ್ಯಾ?"

"ಆಯ್ತು ರಾಯರೇ" ಎಂದೆ.

ನನ್ನ ಮಾತನ್ನು ನಂಬಿ, ಆ ಒಂದು ದಿನ ಅವರು ಮತ್ತೆ ಲೆಕ್ಕ ಮಾಡಲಿಲ್ಲ.

ಮಾರ್ಗಳಿ, ಅಂದರೆ ಧನುರ್ಮಾಸದ ಮಂಜಿನಲ್ಲಿ ಒಂದು ಬೆಳಿಗ್ಗೆ ಷಣ್ಮುಗಂ ಅವರ ವಿಮಾನ ಆ ಗುಡ್ಡಕ್ಕೆ ಬಡಿಯಿತು. ಅವರೊಬ್ಬರೇ ಇದ್ದರು, ಉಳಿಯಲಿಲ್ಲ. ವಿಚಾರಣೆಗೆ ಬಂದವರು ಯಂತ್ರ ತೆರೆಸಿ ನೋಡಿದಾಗ ಅದರೊಳಗಿನ ಜಾಗ ರನ್‌ವೇಯಿಂದ ಅರ್ಧ ಕಿಲೋಮೀಟರಿಗೂ ಹೆಚ್ಚು ಆಚೆ, ಗುಡ್ಡದ ಕಡೆಗಿತ್ತು. ರಾಯರನ್ನು ಕರೆಸಿದರು. ಜೊತೆಗೆ ಹೋಗಿದ್ದ ನಾನು ಪಕ್ಕದ ಕುರ್ಚಿಯಲ್ಲಿದ್ದೆ. ನಂಬರು ಹಾಕಿದ್ದು ತಾವೇ ಎಂದು ರಾಯರು ಶಾಂತವಾಗಿ ಹೇಳಿದರು. ನನಗೆ ಆಗಷ್ಟೇ ಮದುವೆ ಗೊತ್ತಾಗಿತ್ತು. ಬಾಯಿ ಬಿಡಲಿಲ್ಲ. ಹೊರಗೆ ಬಂದ ಮೇಲೆ ಅವರು ನನ್ನನ್ನು ಬೈಯಲಿಲ್ಲ, ಊಟ ಆಯಿತಾ ಎಂದು ಕೇಳಿದರು. ಆ ದಿನದಿಂದ ನನ್ನನ್ನು ಕಂಡರೆ ನನಗೇ ಹೇಸಿಗೆ.

ಮಂಜಿನಲ್ಲಿ ಇಳಿಯಲು ಹೋದದ್ದು ಹಾರಿಸಿದವರದೇ ತಪ್ಪು ಎಂದು ವಿಚಾರಣೆಯವರು ಬರೆದರು. ಜನ ಹಾಗೆ ಹೇಳಲಿಲ್ಲ. ಕಿವುಡ ಮುದುಕ ತಪ್ಪು ನಂಬರು ಹಾಕಿ ಕೊಂದ ಎಂಬ ಮಾತು ವಿಮಾನ ಹಾರಿಸುವವರ ನಡುವೆ ಹಬ್ಬಿತು. ರಾಯರು ಜಿಪಿಎಸ್ ಮಾರುವುದನ್ನೇ ಬಿಟ್ಟರು. ಗ್ರೈಂಡರಿನ ಪಕ್ಕದ ಸ್ಟೂಲಿನ ಮೇಲೆ ಅಡುಗೆಯವರು ಈರುಳ್ಳಿ ಬುಟ್ಟಿ ಇಡತೊಡಗಿದರು. ನಾನು ಮೊದಲು ತಿಂಗಳಿಗೊಮ್ಮೆ, ಆಮೇಲೆ ಹಬ್ಬಕ್ಕೊಮ್ಮೆ ಹೋಗುತ್ತಿದ್ದೆ, ಕಡೆಗೆ ಅದೂ ನಿಂತಿತು.

ಐದು ವರ್ಷದ ಮೇಲೆ ಅವರು ಕೀಲ್ಪಾಕಿನ ಆಸ್ಪತ್ರೆಯಲ್ಲಿದ್ದಾರೆಂದು ಅವರ ಅಣ್ಣ ಫೋನು ಮಾಡಿದರು. ಹೋಗಿ ಬಲಗಿವಿಯ ಕಡೆ ಕೂತು ಎಲ್ಲವನ್ನೂ ಹೇಳಿದೆ.

"ಗೊತ್ತುಂಟು ಮಾರಾಯ," ಎಂದರು. "ಆ ದಿನ ನಿನ್ನನ್ನು ಕೇಳಿದೆ, ಯಂತ್ರ ನೋಡ್ಲಿಲ್ಲ. ನನ್ನ ಕೆಲಸ ಕೇಳುದಲ್ಲ, ನೋಡುದು. ಹಾಗಾಗಿ ತಪ್ಪು ನಂದೇ."

"ತಪ್ಪು ನನ್ನದು, ರಾಯರೇ."

"ನಿಂದೂ ಹೌದು. ಅಲ್ಲ ಅಂತ ಯಾರು ಹೇಳಿದ್ದು? ಷಣ್ಮುಗಂ ಅವರ ಹೆಂಡತಿಗೆ ಹೋಗಿ ಹೇಳು. ನನ್ನ ಹೆಸರಿಗೋಸ್ಕರ ಅಲ್ಲ. ಗಂಡ ಹೇಗೆ ಹೋದ ಅಂತ ಆ ಅಮ್ಮನಿಗೆ ಪೂರ್ತಿ ಗೊತ್ತಾಗ್ಬೇಕು."

ನಾಲ್ಕನೆಯ ದಿನ ಅವರು ತೀರಿಕೊಂಡರು. ಹದಿನೈದು ದಿನ ಮುಂದೂಡಿ, ಕಡೆಗೂ ನಮ್ಮ ಊರಿನಲ್ಲೇ ಇದ್ದ ಷಣ್ಮುಗಂ ಅವರ ಮನೆಗೆ ಹೋದೆ. ಅವರ ಹೆಂಡತಿ ನನ್ನನ್ನು ಒಳಗೆ ಕರೆದು ಕೂರಿಸಿದರು. ನನಗೆ ಬರುವ ತಮಿಳಿನಲ್ಲಿ, ಏನನ್ನೂ ಬಿಡದೆ ಹೇಳಿ ಮುಗಿಸಿದೆ. ಅವರು ಅಳಲಿಲ್ಲ, ಸಿಟ್ಟಾಗಲೂ ಇಲ್ಲ. ಗೇಟಿನ ಕಡೆಗೆ ಕೈ ತೋರಿಸಿ ತಮಿಳಿನಲ್ಲೇ ಮಾತಾಡಿದರು.

"ಪ್ರತಿ ವರ್ಷ ನಮ್ಮ ಯಜಮಾನರ ತಿಥಿಯ ದಿನ ಆ ಮನುಷ್ಯ ಬಂದು ಅಲ್ಲಿ ನಿಲ್ಲುತ್ತಿದ್ದರು. ಒಂದು ಸಲವೂ ಒಳಗೆ ಕರೆಯಲಿಲ್ಲ. ಒಂದು ಲೋಟ ನೀರು ಕೊಡಲಿಲ್ಲ. ಹೋದ ವರ್ಷ ಅವರ ಎದುರಿಗೇ ಬಾಗಿಲು ಹಾಕಿಕೊಂಡೆ. ಆಗೆಲ್ಲ ನೀವು ಎಲ್ಲಿದ್ದಿರಿ?"

ನಾನು ಇದೇ ಊರಿನಲ್ಲಿದ್ದೆ, ಆ ಮನೆಗೆ ಒಂದೇ ಬಸ್ಸಿನ ದೂರದಲ್ಲಿ.