ದಂಡೆಯ ಮೇಲೆ ಬಿಚ್ಚಿಟ್ಟ ಬೂಟು

ಓಡುವಾಗ ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದ ಹಳೆಯ ಚೀಲವನ್ನು ಇವತ್ತು ಬೆಳಿಗ್ಗೆ ಕೊಡವಿದೆ. ಕಲ್ಲಿನಂತಾದ ಶೇಂಗಾ ಚಿಕ್ಕಿಯ ಜೊತೆ ಒಂದು ಚಿಟಿಕೆ ಭಂಡಾರ ಉದುರಿತು. ದೇವರ ಅರಿಶಿನದ ಆ ವಾಸನೆ ಮೂಗಿಗೆ ಬಂದಿದ್ದೇ ತಡ, ಯಾರೋ ರಟ್ಟೆ ಹಿಡಿದು ಜಗ್ಗಿದಂತಾಯಿತು...

ಆಗ ನನಗೆ ಓಟದ ಹುಚ್ಚು. ನಸುಕಿನಲ್ಲೇ ರಾಯಬಾಗ ಬಿಟ್ಟು, ಕಬ್ಬಿನ ಹೊಲಗಳ ಬದು ಹಿಡಿದು, ಪಾಲಬಾವಿ ಕಡೆಯ ಮಡ್ಡಿ ಹತ್ತಿ ಇಳಿದು ಬರುತ್ತಿದ್ದೆ. ಡಾಂಬರು ರಸ್ತೆ ನನಗೆ ಸೇರದು. ಕಾಲಡಿ ಕಲ್ಲುಮುಳ್ಳು ಇದ್ದರೇ ಓಟ ಅನ್ನುವ ಜಂಬ ಬೇರೆ. ಅವತ್ತು ಆ ಜಂಬವೆಲ್ಲ ಇಳಿಯಿತು. ಏರಿನಲ್ಲಿ ಮುಗ್ಗರಿಸಿ ಮೊಣಕಾಲು ತರಚಿತು, ನೀರಿನ ಬಾಟಲಿ ಒಡೆಯಿತು, ಬಿಸಿಲೂ ಏರಿತು. ಓಡು ಅಂತ ಯಾರೂ ನನಗೆ ಹೇಳಿರಲಿಲ್ಲ, ಹಾಗಾಗಿ ಬೈಯಲೂ ಯಾರೂ ಇರಲಿಲ್ಲ. ಅಳುತ್ತಲೇ ಇಳಿಜಾರು ಓಡಿದೆ.

ಕೆಳಗೊಂದು ತೆರೆದ ಬಾವಿ ಕಂಡಿತು. ಮೆಟ್ಟಿಲಿಳಿದು ಕಾಲು ತೊಳೆಯೋಣ ಅಂತ ಬೂಟು ಬಿಚ್ಚಿ ದಂಡೆಯ ಮೇಲೆ ಜೋಡಿಸಿಟ್ಟೆ. ಫೋನನ್ನೂ ಅದರ ಪಕ್ಕದಲ್ಲೇ ಇಟ್ಟೆ. ನೀರು ಎಷ್ಟು ಕೆಳಗಿದೆ ಅಂತ ಬಗ್ಗಿ ನೋಡಿದೆ, ಅಷ್ಟೇ. ಹಿಂದಿನಿಂದ ರಟ್ಟೆಗೆ ಕೈ ಬಿತ್ತು. ಅಂಗಾತ ಬಿದ್ದೆ. ಏಳುವಷ್ಟರಲ್ಲಿ ಕಪಾಳಕ್ಕೊಂದು ಏಟು. ಹೆತ್ತವಳೇ ನನ್ನ ಮೇಲೆ ಕೈ ಮಾಡಿದವಳಲ್ಲ. ದಂಗುಬಡಿದು ಕೂತೆ.

ಎದುರಿಗೆ ಕುರಿ ಕಾಯುವ ಮುದುಕಿ, ಹೆಗಲ ಮೇಲೆ ಕಂಬಳಿ. ಇಲ್ಲಿಗ್ಯಾಕ ಬಂದಿ ಅಂತ ಗದರಿದಳು.

"ಓಡಾಕ ಬಂದೀನಿ ಆಯಿ" ಅಂದೆ.

"ಯಾರ್ ಬೆನ್ನ ಹತ್ಯಾರ?"

"ಯಾರೂ ಇಲ್ರಿ. ಸುಮ್ಮನ ಓಡ್ತೀನಿ."

"ಯಾರೂ ಬೆನ್ನ ಹತ್ತದ ಅಳಕೋತ ಯಾರ್ ಓಡ್ತಾರ್ಲೇ? ಬಾವಿ ಮ್ಯಾಲೆ ಕೆರವು ಯಾಕ ಬಿಟ್ಟಿ?"

ನಗು ಬರುವುದರಲ್ಲಿತ್ತು. ಅಷ್ಟರಲ್ಲಿ ಆಕೆ ನನ್ನ ಬೂಟುಗಳನ್ನು ಎತ್ತಿ ಎದೆಗವಚಿಕೊಂಡಳು. "ನನ್ನ ಮಗಳೂ ಹಿಂಗ ಅಳಕೋತ ಓಡಿ ಹೋದ್ಲು. ಒಂದು ಕುರಿ ಈಯಾಕತ್ತಿತ್ತು. ಹೊಳ್ಳಿ ಬರೂ ಮುಂದ ಯಾಕಂತ ಕೇಳಿದ್ರಾತು ಅಂದ್ಕೊಂಡೆ... ಇದ ದಂಡಿ ಮ್ಯಾಲೆ ಆಕಿ ಚಪ್ಪಲಿ ಅಷ್ಟ ಇದ್ದು."

ಆ ಬಿಸಿಲಲ್ಲೂ ನನ್ನ ಮೈ ತಣ್ಣಗಾಯಿತು.

ಆಯಿ ಸೆರಗಿನ ಗಂಟು ಬಿಚ್ಚಿ ನನ್ನ ಅಂಗೈಗೆ ಭಂಡಾರ ಸುರಿದಳು, ಮುಷ್ಟಿ ಮುಚ್ಚಿಸಿದಳು. ಕುರಿಗಾರರಲ್ಲಿ ಭಂಡಾರ ಮುಟ್ಟಿ ಆಡಿದ ಮಾತಿಗೆ ತಪ್ಪುವಂತಿಲ್ಲ. ಈ ಬಾವಿಯ ಮುಂದೆ ಎಂದೂ ಓಡುವುದಿಲ್ಲ, ನಡೆದೇ ಹೋಗುತ್ತೇನೆ ಎಂದು ಹೇಳಿಸಿದಳು. ಹೇಳಿದೆ. ಆಮೇಲೇ ಬೂಟು ಕೊಟ್ಟಳು, ರೊಟ್ಟಿ ಕೊಟ್ಟಳು. ಭಂಡಾರವನ್ನು ಸೊಂಟದ ಚೀಲಕ್ಕೆ ಹಾಕಿಕೊಂಡೆ. ಕಪಾಳ ಇನ್ನೂ ಚುರುಚುರು ಅನ್ನುತ್ತಿತ್ತು.

ಆಮೇಲೆ ಎಷ್ಟೋ ಸಲ ಆ ದಾರಿಯಲ್ಲಿ ಹೋದೆ. ಬಾವಿ ಹತ್ತಿರ ಬಂದಾಗ ನಡೆಯುತ್ತಿದ್ದೆ. ದೂರದಿಂದಲೇ ಆಯಿ ಕೋಲೆತ್ತಿ ತೋರಿಸುತ್ತಿದ್ದಳು. ಓಟ ಅಂದರೇನು ಅಂತ ಆಕೆಗೆ ತಿಳಿಸಿ ಹೇಳಲು ನೋಡಿ ಸೋತೆ. ಕೈಯಾಡಿಸಿ ನಕ್ಕುಬಿಡುತ್ತಿದ್ದಳು. ಮುಂದೆ ನಮ್ಮ ಮನೆಯವರಿಗೆ ನಿಪ್ಪಾಣಿಗೆ ವರ್ಗವಾಯಿತು, ಆ ದಾರಿ ತಪ್ಪಿತು...

ಇವತ್ತು ಭಂಡಾರ ಕಂಡ ಮೇಲೆ ಮನಸ್ಸು ತಡೆಯದೆ ಬಸ್ಸು ಹತ್ತಿದೆ. ಬಾವಿಯ ಹತ್ತಿರ ಮೇವು ಕೊಯ್ಯುತ್ತಿದ್ದ ಹೆಣ್ಣುಮಗಳನ್ನು, ಕುರಿ ಕಾಯುವ ಆಯಿ ಎಲ್ಲಿ ಅಂತ ಕೇಳಿದೆ.

"ತೀರಿಕೊಂಡ್ರಲ್ರಿ, ಹ್ವಾದ ಬ್ಯಾಸಗ್ಯಾಗ" ಅಂದವಳು ನನ್ನ ಬೂಟು ನೋಡಿ ಕುಡುಗೋಲು ಕೆಳಗಿಟ್ಟಳು. "ಆ ಓಡೂ ಅಕ್ಕಾರು ನೀವ ಏನ್ರಿ? ಸಾಯೂಮಟಾ ಹೇಳ್ತಿದ್ರು ನೋಡ್ರಿ... ಮಗಳನ್ನ ಕಳಕೊಂಡೆ, ಖರೆ ಒಬ್ಬಾಕಿನ ಉಳಿಸೀನಿ ಅಂತ. ಹೌದೇನ್ರಿ?"

ಕಾಲು ತೊಳೆಯಲು ಬಗ್ಗಿದ್ದೆ ಅಷ್ಟೇ ಅನ್ನುವ ಮಾತನ್ನು ನುಂಗಿಕೊಂಡೆ.

"ಹೌದ್ರಿ" ಅಂದೆ. "ಆಯಿನೇ ನನ್ನ ಉಳಿಸ್ಯಾಳ."

ಬಾವಿಯ ಮುಂದೆ ನಡೆದೇ ಹೋದೆ. ದಾಟಿದ ಮೇಲೂ ಓಡಲು ಮನಸ್ಸಾಗಲಿಲ್ಲ.